ಕೊಯ್ತಾ ಮೊಂಡು ಮಾಡಿದವರು ಯಾರು?
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವೇದಿಕೆ ಮೇಲಿನ ಹಿರಿಯರೆ, ಓಣಿಯ ಅಕ್ಕ-ಅವ್ವಂದಿರೆ, ಸಂಘದ ತಮ್ಮ-ತಂಗ್ಯಾರೆ, ಬುದ್ಧ, ಬಸವ, ಫುಲೆ, ಶಾಹು, ಬಾಬಾಸಾಹೇಬರನ್ನು ನೆನೆದು ಎರಡು ಮಾತು ಹೇಳತೇನಿ.

ಸ್ಪರ್ಧಾ ಪರೀಕ್ಷೆಗೆ ಓದುವ ನಮ್ಮ ಹುಡುಗರು ಮೊನ್ನೆ ಒಂದು ಇಂಗ್ಲಿಷ್ ಶಬ್ದ ಕೇಳಿದರು: ‘ಹೆಬೆಟೇಟ್’. ಇದನ್ನ ಬಳಸುವವರು ಬಹಳ ಕಡಿಮೆ. ಅರ್ಥ ಇಷ್ಟ: ಬುದ್ಧಿ ಮಂದ ಮಾಡು, ಮೊಂಡು ಮಾಡು. ಮೂಲ ಲ್ಯಾಟಿನ್ ಭಾಷೆಯದು. ಅಲ್ಲಿ ‘ಹೆಬೆಸ್’ ಅಂದರೆ ಹರಿತ ಇಲ್ಲದ್ದು. ‘ಸೆರೆ ಅವನ ಬುದ್ಧಿಯನ್ನು ಹೆಬೆಟೇಟ್ ಮಾಡಿತು’ ಅಂತ ಬಳಸಬಹುದು. ಹಾಂಗ ಮಂಕಾದ ಸ್ಥಿತಿಗೆ ‘ಹೆಬೆಟ್ಯೂಡ್’ ಅಂತಾರ.

ಶಬ್ದ ಹೊಸದು, ಸಂಗತಿ ನಮಗ ಹಳೇದು. ಮುಕಾದಮನ ಉಚಲ ತಗೊಂಡು ಕಬ್ಬು ಕಡಿಯಾಕ ಹೋದವರು ಇಲ್ಲೇ ಕುಂತೀರಿ. ಕೊಯ್ತಾ ಮೊಂಡಾದರ ಯಾರೂ ಅದಕ್ಕ ಬೈಯೂದಿಲ್ಲ. ಕಲ್ಲಿಗೆ ಬಡೀತೇನು, ಮಸೆಯೂದು ಬಿಟ್ಟಿದ್ದೆವೇನು ಅಂತ ಕೇಳತೀರಿ. ಮಸೆದು ಮತ್ತ ಹೊಲಕ್ಕ ಇಳೀತೀರಿ.

ಕೂಸಿನ ವಿಷಯಕ್ಕ ಬಂದರ ಮಾತ್ರ ‘ದಡ್ಡ’ ಅಂದುಬಿಡತೀವಿ. ದಡ್ಡ ಅನ್ನೋದು ನಾಮಪದ. ಹುಟ್ಟಾನೇ ಹಾಂಗ ಅಂದಂಗಾತು, ಮುಂದ ಕೇಳೂದೇನೂ ಉಳಿಯೂದಿಲ್ಲ. ಹೆಬೆಟೇಟ್ ಕ್ರಿಯಾಪದ. ಮೊಂಡು ಮಾಡಿದ್ದು ಅಂದ ಮ್ಯಾಲೆ, ಮಾಡಿದವರು ಯಾರು ಅಂತ ಕೇಳಬೇಕಾಗತದ.

ದೀಪಾವಳಿ ಸುತ್ತಮುತ್ತ ಕೂಸು ತಾಯಿ-ತಂದೆ ಜೋಡಿ ಕಬ್ಬಿನ ಫಡಕ್ಕೆ ಹೋಗತದ. ತಿಂಗಳುಗಟ್ಟಲೆ ಪಾಟಿ-ಪುಸ್ತಕ ಮುಟ್ಟೂದಿಲ್ಲ. ತಿರುಗಿ ಬಂದಾಗ ಪಾಠ ಮುಂದ ಹೋಗಿರತಾವು. ಇನ್ನೊಂದು ಕೂಸು ಕನ್ನಡ ಶಾಲೆ ಮುಗಿಸಿ ಮರಾಠಿ ಹೈಸ್ಕೂಲಿಗೆ ಹೋಗತದ. ಮಾತು ತಿಳಿಯದ ಸುಮ್ಮನ ಕುಂಡ್ರತದ. ಎರಡಕ್ಕೂ ದಡ್ಡ ಅಂತೀವಿ. ವರ್ಷಗಟ್ಟಲೆ ಕೇಳಿ ಕೇಳಿ ಕೂಸೂ ಅದನ್ನ ನಂಬತದ. ಮೊಂಡು ಮಾಡೂದು ಅಂದರ ಇದು.

ಬಾಬಾಸಾಹೇಬರನ್ನು ಸಾತಾರಾದ ಶಾಲೆಯಲ್ಲಿ ಬೇರೆ ಗೋಣಿತಟ್ಟಿನ ಮೇಲೆ ಕೂಡಿಸಿದರು. ಮುಂಬೈಯಲ್ಲಿ ಸಂಸ್ಕೃತ ಕಲಿಸಲಿಲ್ಲ, ಪರ್ಷಿಯನ್ ತಗೊಂಡರು. 1907ರಲ್ಲಿ ಮೆಟ್ರಿಕ್ ಪಾಸಾಗಿ, 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಮುಂದೆ ಸಂಸ್ಕೃತವನ್ನೂ ಕಲಿತರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಅದರ ಕೆಲಸದಲ್ಲಿ ವಸತಿಗೃಹ, ವಾಚನಾಲಯಗಳನ್ನೂ ಸೇರಿಸಿದರು. ಅವು ನಮ್ಮ ಸಾಣಿಕಲ್ಲು. ಅದಕ್ಕೂ ಮೊದಲು 1855ರಲ್ಲಿ, ಫುಲೆ ದಂಪತಿಯ ಪುಣೆ ಶಾಲೆಯಲ್ಲಿ ಕಲಿತ ಮಾಂಗ ಸಮಾಜದ ಮುಕ್ತಾ ಸಾಳವೆ ತನ್ನ ಜನರ ದುಃಖವನ್ನು ನಿಬಂಧ ಮಾಡಿ ಬರೆದಳು. ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಅವಳಿಗೆ ಆಗ ಸುಮಾರು ಹದಿನಾಲ್ಕು ವರ್ಷ.

ತಮ್ಮಂದಿರೆ, ಒಂದು ಖಾರದ ಮಾತು. ಮೊಂಡು ಮಾಡುವವರು ಹೊರಗಷ್ಟೇ ಇಲ್ಲ. ರಾತ್ರಿ ಎಲ್ಲಾ ಮೊಬೈಲ್ ತಿಕ್ಕುವ ಕೈ ನಮ್ಮದು. ಜಯಂತಿಗೆ ಡಿಜೆಗೆ ರೊಕ್ಕ ಕೂಡತಾವು, ವಾಚನಾಲಯದ ಬಲ್ಬಿಗೆ ಕೂಡೂದಿಲ್ಲ. ಇದಕ್ಕ ಕರ್ತೃ ಯಾರು?

ಅವ್ವಂದಿರೆ, ವಲಸೆ ಹೋಗುವವರ ಮಕ್ಕಳಿಗೆ ಸರಕಾರದ ಹಂಗಾಮಿ ವಸತಿಗೃಹ ಯೋಜನೆ ಐತಿ. ದೀಪಾವಳಿ ಮುಂಚೆ ಹೆಡ್‌ಮಾಸ್ತರರನ್ನು ಕೇಳೋಣ. ಸಂಘದ ಹುಡುಗರು ಜೋಡಿ ಬರತಾರ. ಸಂಜೀಕ ಒಂದು ತಾಸು ಮರಾಠಿ, ಇಂಗ್ಲಿಷ್ ನಾನು ಹೇಳಿಕೊಡತೇನಿ. ಇವತ್ತಿನಿಂದ ಈ ಓಣಿಯಾಗ ಯಾವ ಕೂಸಿಗೂ ದಡ್ಡ ಅನಬ್ಯಾಡ್ರಿ. ಮೊಂಡಾಗೇತಿ, ಮಸೆಯೋಣ ಅನ್ರಿ.

ಜೈ ಭೀಮ, ಜೈ ಸಂವಿಧಾನ.