ಕರಗುವ ಬಕೀಟು, ಕರಗದ ಹಿಡಿ



ನಮ್ಮ ಬೀದಿಗೆ, ಒಡೆದ ಪ್ಲಾಸ್ಟಿಕ್ ಬಕೀಟುಗಳನ್ನು ಬೆಸೆಯುವವನೊಬ್ಬ ಬರುತ್ತಿದ್ದ. ಕಾದ ಕಬ್ಬಿಣದ ಮೊನೆಯಿಂದ ಬಿರುಕಿನ ಎರಡು ಅಂಚುಗಳನ್ನೂ ಕರಗಿಸಿ ಒಂದುಮಾಡುವುದು ಅವನ ಕಸುಬು. ಒಮ್ಮೆ ನಾನು ಕುಕ್ಕರಿನ ಮುರಿದ ಕಪ್ಪು ಹಿಡಿಯನ್ನು ಅವನ ಮುಂದಿಟ್ಟೆ. ಅವನು ನಕ್ಕು, "ಸ್ವಾಮಿ, ಇದು ಕರಿಕಾದೀತೇ ಹೊರತು ಕರಗದು" ಎಂದು ಹಿಂದಿರುಗಿಸಿದ. ಸಂಧಿ ಸಮಾಸಗಳನ್ನು ಪಾಠ ಹೇಳುವ ನನಗೆ ಅಂದು ಅವನೇ ಉಪಾಧ್ಯಾಯನಾದ. ಎರಡೂ ಪ್ಲಾಸ್ಟಿಕ್ಕೇ ಅಲ್ಲವೆ? ಹಾಗಾದರೆ ಈ ಭೇದವೇಕೆ?

ಪ್ಲಾಸ್ಟಿಕ್ಕಿನ ಅಣುಗಳು ಬಹು ಉದ್ದವಾದ ಮಾಲೆಗಳು. ಸಣ್ಣ ಸಣ್ಣ ಘಟಕಗಳು ಸಾವಿರಗಟ್ಟಲೆ ಸೇರಿ ಒಂದೊಂದು ಮಾಲೆಯಾಗುತ್ತದೆ. ಜರ್ಮನ್ ವಿಜ್ಞಾನಿ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಹೀಗೆಂದಾಗ ಹಲವು ವಿದ್ವಾಂಸರು ಒಪ್ಪಲಿಲ್ಲ. ಸಣ್ಣ ಅಣುಗಳೇ ಗುಂಪುಗೂಡಿವೆಯೆಂದು ವಾದಿಸಿದರು. ಕೊನೆಗೆ ಗೆದ್ದುದು ಅವರ ಮಾತೇ. 1953ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಮೊದಲು ಬಕೀಟನ್ನು ನೋಡೋಣ. ಅನೇಕ ಬಕೀಟುಗಳು ಪಾಲಿಥೀನಿನವು. ಇಂಗ್ಲೆಂಡಿನಲ್ಲಿ 1933ರಲ್ಲಿ ದೊರೆತ ವಸ್ತು ಇದು. ಇದರ ಒಂದೊಂದು ಮಾಲೆಯೊಳಗೂ ಇಂಗಾಲದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಬಿಗಿಯಾಗಿ ಕೂಡಿವೆ. ಆದರೆ ಮಾಲೆಗೂ ಮಾಲೆಗೂ ನಡುವೆ ಇರುವುದು ದುರ್ಬಲ ಆಕರ್ಷಣೆ ಮಾತ್ರ. ಬುಟ್ಟಿಯಲ್ಲಿ ರಾಶಿ ಹಾಕಿದ ಮಲ್ಲಿಗೆ ಮಾಲೆಗಳಂತೆ. ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಶಾಖ ತಾಗಿದರೆ ಮಾಲೆಗಳು ಒಂದರ ಮೇಲೊಂದು ಜಾರುತ್ತವೆ. ಆರಿದರೆ ಮತ್ತೆ ನೆಲೆ ನಿಲ್ಲುತ್ತವೆ. ಮಾಲೆ ಹರಿಯುವುದಿಲ್ಲ.

ಇನ್ನು ಕುಕ್ಕರಿನ ಹಿಡಿ. ಅದು ಬೇಕಲೈಟ್. ಲಿಯೋ ಬೇಕಲೆಂಡ್ ಎಂಬುವರು 1907ರಲ್ಲಿ ಅಮೆರಿಕದಲ್ಲಿ ಇದನ್ನು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ತಯಾರಿಸಿದರು. ಹಿಂದಿನ ಎಷ್ಟೋ ರೇಡಿಯೋಗಳ ಹೊರಪೆಟ್ಟಿಗೆಯೂ ಇದರದೇ. ಅಚ್ಚಿನಲ್ಲಿ ಕಾಯಿಸುವಾಗ ಅಡ್ಡಡ್ಡಲಾಗಿಯೂ ಗಟ್ಟಿ ಬಂಧಗಳು ಏರ್ಪಟ್ಟು, ಇಡೀ ವಸ್ತು ಒಂದೇ ಬಲೆಯಾಗುತ್ತದೆ. ಬಲೆಯ ನೂಲು ಜಾರುವುದೆಲ್ಲಿಗೆ? ಶಾಖ ಮಿತಿಮೀರಿದರೆ ಬಂಧವೇ ಮುರಿದು ಕರಿಕಾಗಬೇಕು. ಅರಗು ಮತ್ತೆ ಮತ್ತೆ ಕರಗುತ್ತದೆ. ಸುಟ್ಟ ಮಡಕೆ ಮತ್ತೆ ಜೇಡಿಮಣ್ಣಾಗದು.

ಇವೆರಡರ ನಡುವಿನದು ರಬ್ಬರು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಅದನ್ನು ಗಂಧಕದೊಡನೆ ಕಾಯಿಸಿದರು. ಅಲ್ಲಲ್ಲಿ ಮಾತ್ರ ಗಂಧಕದ ಸೇತುವೆಗಳು ಕಟ್ಟಿಕೊಂಡವು. ಆದ್ದರಿಂದಲೇ ಎಳೆದ ರಬ್ಬರು ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ.

ಇದನ್ನು ತಿಳಿದು ನಮಗೇನು ಎನ್ನುವಿರಾ? ಬಕೀಟನ್ನು ಕರಗಿಸಿ ಹೊಸ ಪದಾರ್ಥ ಮಾಡಬಹುದು. ಹಿಡಿಯನ್ನು ಹಾಗೆ ಮಾಡಲಾಗದು. ಎರಡನ್ನೂ ಬೆರೆಸಿ ಎಸೆದರೆ ಬಕೀಟಿನ ಪುನರ್ಜನ್ಮವೂ ತಪ್ಪೀತು. ತಿಪ್ಪೆಯಲ್ಲಿ ಬಿದ್ದರೂ ಅದು ಸುಲಭವಾಗಿ ಮಣ್ಣಾಗುವುದಿಲ್ಲ. ಇಂಗಾಲದ ಆ ಬಿಗಿಯಾದ ಬಂಧವನ್ನು ಬಿಡಿಸುವುದು ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬಲು ಕಷ್ಟ. ಬೆಸೆಯುವವನು ನಮ್ಮ ಬೀದಿಗೆ ಬಂದು ಬಹಳ ವರ್ಷಗಳಾದವು. ನಿಮ್ಮ ಬೀದಿಗೆ ಇನ್ನೂ ಬರುತ್ತಿದ್ದರೆ, ಬಕೀಟನ್ನು ಎಸೆಯುವ ಮುನ್ನ ಅವನನ್ನೊಮ್ಮೆ ಕೂಗಿ ಕರೆಯಿರಿ.