ತೋಟದ ಪಾಲು
(ಸೊಕ್ಕೆಯಲ್ಲಿ ಮಾಡಿದ ಉಪನ್ಯಾಸ)



ಮಳೆಗಾಗಿ ಮುಗಿಲು ನೋಡುವ ಜಗಳೂರು ಸೀಮೆಯ ರೈತರ ಮುಂದೆ ಬೆಂಗಳೂರಿನ ಕೈತೋಟದ ಮಾತಾಡಿದರೆ ನಿಮಗೆ ನಗು ಬಂದೀತು. ಸೊಪ್ಪು ಬೆಳೆದ ಜಂಬ ಕೊಚ್ಚಲು ನಾನು ಬಂದಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಹೇಳಲು ಬಂದಿದ್ದೇನೆ.

ಪಟ್ಟಣದವರು ಕೂಡಿ ಬೆಳೆಯುವುದು ಹೊಸದೇನಲ್ಲ. ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಹೆಣ್ಣುಮಗಳು ಗೆಳೆಯರೊಡನೆ ಕಸ ತುಂಬಿದ್ದ ಖಾಲಿ ಜಾಗವನ್ನು ಹಸನು ಮಾಡಿ ತೋಟ ಮಾಡಿದರು. ಬೆಂಗಳೂರಿನಲ್ಲಿ ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರು ತಾರಸಿ ತೋಟವನ್ನು ಜನರಿಗೆ ಕಲಿಸಿದರು. 2011ರಲ್ಲಿ ಶುರುವಾದ 'ಊಟ ಫ್ರಂ ಯುವರ್ ತೋಟ' ಮೇಳದಲ್ಲಿ ಅಲ್ಲಿನ ತೋಟಗಾರರು ಬೀಜ, ಗೊಬ್ಬರ, ಅನುಭವಗಳನ್ನು ಹಂಚಿಕೊಂಡರು.

ಇದನ್ನೆಲ್ಲ ನೋಡಿ, ನಾನು ನಿವೃತ್ತನಾದ ಮೇಲೆ ನಮ್ಮ ಬಡಾವಣೆಯ ಹನ್ನೊಂದು ಮನೆಯವರು ಮಾಲೀಕರ ಒಪ್ಪಿಗೆ ಪಡೆದು ಒಂದು ಖಾಲಿ ಸೈಟಿನಲ್ಲಿ ತೋಟ ಮಾಡಿದೆವು. ಇಂಜಿನಿಯರ್ ಎಂದು ಲೆಕ್ಕವನ್ನು ನನಗೇ ಬಿಟ್ಟರು. 30x40 ಅಡಿಯ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರು. ಪಕ್ಕದ ಮನೆಯ ತಾರಸಿ ನೀರನ್ನು ತೊಟ್ಟಿಗೆ ಇಳಿಸಿದೆ. ಮನೆಗೊಂದು ಮಡಿ ಹಂಚಿ ನಂಬರು ಹಲಗೆ ನೆಡಿಸಿದೆ.

ಲೆಕ್ಕ ಸರಿಯಿತ್ತು, ಆದರೂ ತೋಟ ಬಾಡಿತು. ಒಬ್ಬರು ಊರಿಗೆ ಹೋದರೆ ಅವರ ಮಡಿಗೆ ಇನ್ನೊಬ್ಬರು ನೀರು ಹಾಕಲಿಲ್ಲ. ಒಂದು ಮಡಿಗೆ ಬಿದ್ದ ಹುಳು ಎಲ್ಲ ಮಡಿಗೂ ಹಬ್ಬಿತು. ಹುಳಕ್ಕೆ ನಂಬರು ಓದಲು ಬರುವುದಿಲ್ಲವಲ್ಲ!

ಒಂದು ಬೆಳಿಗ್ಗೆ ನಮ್ಮ ಬೀದಿಯ ಪೌರಕಾರ್ಮಿಕ ತಾಯಿಯೊಬ್ಬರು ನಿಂತು ನೋಡಿ, "ಸಾರ್, ಬದನೆ ಬುಡಕ್ಕೆ ಒಣಗಿದೆಲೆ ಮುಚ್ಚಿ, ತೇವ ನಿಲ್ಲುತ್ತೆ" ಎಂದರು. ಅಂದಿನಿಂದ ಬೀದಿಯಲ್ಲಿ ಗುಡಿಸಿದ ಎಲೆಯನ್ನು ದಿನವೂ ತಾವೇ ತಂದು ಹಾಸಿದರು. ಗಿಡಗಳು ಚೇತರಿಸಿಕೊಂಡವು.

ಕೊಯ್ಲಿನ ದಿನ ನಾನು ಹನ್ನೊಂದು ಪಾಲು ಮಾಡಿದೆ. ಆ ತಾಯಿ ಪೊರಕೆ ಹಿಡಿದು ಗೇಟಿನ ಹೊರಗೆ ನಿಂತಿದ್ದರು. ಉಳಿದಿದ್ದ ಬಲಿತ ಸೊಪ್ಪನ್ನು ಕವರಿಗೆ ಹಾಕಿ ಕೊಡಹೋದೆ. "ಬ್ಯಾಡ ಸಾರ್" ಎಂದು ಹೊರಟುಹೋದರು.

ಮನೆಯಲ್ಲಿ ನನ್ನ ಹೆಂಡತಿ ಕೇಳಿದಳು: "ಕಾಯಕದಲ್ಲಿ ಮೇಲು ಕೀಳಿಲ್ಲ ಅಂತ ಭಾಷಣ ಮಾಡ್ತೀರಿ. ಪಾಲು ಹನ್ನೊಂದೇ ಹೇಗಾಯ್ತು?"

ಮರುದಿನ ಅವರನ್ನು ಕಂಡು ತಪ್ಪಾಯಿತೆಂದೆ. ನಂಬರು ಹಲಗೆ ಕಿತ್ತೆವು. ನೀರಿಗೆ ಸರದಿ ಹಚ್ಚಿದೆವು. ಆ ತಾಯಿಗೂ ಸಮಪಾಲು ಎಂದಾಗ ಎರಡು ಮನೆಯವರು ತೋಟ ಬಿಟ್ಟರು. ಉಳಿದವರು ನಡೆಸಿದೆವು. ಎರಡು ವರ್ಷದ ಮೇಲೆ ಮಾಲೀಕರು ಮನೆ ಕಟ್ಟಿದರು, ತೋಟ ಹೋಯಿತು. ಅವರು ಕೊಟ್ಟ ಅವರೆ ಬೀಜದ ಬಳ್ಳಿ ಈಗಲೂ ನಮ್ಮ ತಾರಸಿಯಲ್ಲಿದೆ.

ಶಾಲೆಯ ಅಂಗಳದಲ್ಲೋ ಮಠದ ಹಿತ್ತಲಲ್ಲೋ ನೀವೂ ಕೂಡಿ ಇಂಥದ್ದೊಂದು ತೋಟ ಮಾಡಿ. ನೀರಿನ ಲೆಕ್ಕ ನನ್ನನ್ನು ಕೇಳಿ, ಹೇಳುತ್ತೇನೆ. ಪಾಲು ಹಾಕುವ ಮೊದಲು ಮಾತ್ರ ಗೇಟಿನ ಹೊರಗೆ ಯಾರು ನಿಂತಿದ್ದಾರೆಂದು ನೋಡಿ. ಮಿಕ್ಕಿದ್ದನ್ನು ಕೊಟ್ಟರೆ ಅದು ದಾಸೋಹವಾಗುವುದಿಲ್ಲ.