ಉಳಿದಿರುವ ಕಾರುಗಳೆಷ್ಟು?



ಬಂಟ್ವಾಳ ತಾಲೂಕಿನ ಮಾಣಿಯಲ್ಲಿ ಮಂಗಳೂರಿನ ಕಡೆಯಿಂದ ಬರುವ ಹೆದ್ದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋದರೆ, ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿಗಳನ್ನು ಹಾದು ಮೈಸೂರಿಗೆ ಹೋಗುತ್ತದೆ. ಇಲ್ಲಿ ಒಂದು ಗಂಟೆ ನಿಂತರೆ ನೂರಾರು ಕಾರುಗಳು ಕಾಣುತ್ತವೆ. ಆದರೆ ‘ಡಾಲ್ಫಿನ್’ ಕಾರು ಕಂಡೀತೆ? ತಿಂಗಳುಗಟ್ಟಲೆ ಕಾದರೂ ಕಾಣದಿರಬಹುದು. ಹಾಗೆಂದು ಆ ಕಾರು ಒಂದೂ ಉಳಿದಿಲ್ಲ ಎನ್ನಬಹುದೆ?

ಡಾಲ್ಫಿನ್ ನಮ್ಮ ಬೆಂಗಳೂರಿನಲ್ಲೇ ತಯಾರಾದ ಕಾರು. ಸಿಪಾನಿ ಕಂಪೆನಿ 1982ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದಕ್ಕೆ ಮಾದರಿ. ಎರಡೇ ಬಾಗಿಲು, 848 ಸಿ.ಸಿ. ಇಂಜಿನ್, ಫೈಬರಿನ ಮೈ. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಈ ಪುಟ್ಟ ಕಾರು ಪೈಪೋಟಿಯಲ್ಲಿ ಹಿಂದೆ ಬಿತ್ತು. ಫೈಬರಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದನ್ನು ಹೊತ್ತ ಚಾಸಿ ಕಬ್ಬಿಣದ್ದು. ಕರಾವಳಿಯ ಮಳೆ ಅದನ್ನು ಬಿಡುವುದಿಲ್ಲ.

ಉಳಿದಿರುವ ಕಾರುಗಳೆಷ್ಟು ಎಂದು ಆರ್.ಟಿ.ಓ. ದಾಖಲೆ ನೋಡಿದರೆ ಸಾಲದೆ? ಸಾಲದು. ಗುಜರಿಗೆ ಹೋದ ಕಾರಿನ ಹೆಸರು ದಾಖಲೆಯಲ್ಲಿ ಹಾಗೆಯೇ ಉಳಿದಿರಬಹುದು. ಕಂಡವರನ್ನು ಕೇಳೋಣವೆಂದರೆ, ಒಂದೇ ಕೆಂಪು ಕಾರನ್ನು ಮೂರು ಊರಿನಲ್ಲಿ ಮೂವರು ನೋಡಿ ಮೂರು ಕಾರು ಎಂದಾರು.

ಇದಕ್ಕೆ ಒಂದು ಸರಳ ಉಪಾಯವಿದೆ. ಹಳೆಯ ಕಾರುಗಳ ಒಂದು ಪ್ರದರ್ಶನಕ್ಕೆ 12 ಡಾಲ್ಫಿನ್‌ಗಳು ಬಂದವು ಎಂದಿಟ್ಟುಕೊಳ್ಳಿ. ಅವುಗಳ ಚಾಸಿ ನಂಬರುಗಳನ್ನು ಬರೆದುಕೊಳ್ಳಿ. ಬಣ್ಣ ಬದಲಾಗುತ್ತದೆ, ಬೇರೆ ರಾಜ್ಯಕ್ಕೆ ಹೋದರೆ ನಂಬರ್ ಪ್ಲೇಟೂ ಬದಲಾಗುತ್ತದೆ. ಚಾಸಿ ನಂಬರ್ ಬದಲಾಗುವುದಿಲ್ಲ. ಕೆಲವು ತಿಂಗಳ ಬಳಿಕ ಬೇರೊಂದು ಪ್ರದರ್ಶನದಲ್ಲಿ 10 ಕಾಣಿಸಿದವು. ಅವುಗಳಲ್ಲಿ 6 ಮೊದಲೇ ನಿಮ್ಮ ಪಟ್ಟಿಯಲ್ಲಿದ್ದವು. ಅಂದರೆ ಎರಡನೆಯ ಸಲ ಕಂಡ ಹತ್ತರಲ್ಲಿ ಆರು ಪಾಲು ಹಳೆಯ ಪರಿಚಯದವು. ಹಾಗಾದರೆ ನಿಮ್ಮ ಪಟ್ಟಿಯ 12 ಕಾರುಗಳೂ ಒಟ್ಟು ಸಂಖ್ಯೆಯ ಹತ್ತರಲ್ಲಿ ಆರು ಪಾಲು ಇರಬೇಕು. 12ನ್ನು 10ರಿಂದ ಗುಣಿಸಿ 6ರಿಂದ ಭಾಗಿಸಿ: ಒಟ್ಟು 20. ಎರಡು ಸಲ ಸೇರಿ ನೀವು ಕಂಡದ್ದು 16. ಕಾಣದೆ ಉಳಿದದ್ದು ಸುಮಾರು 4.

ಡೆನ್ಮಾರ್ಕಿನ ಪೀಟರ್ಸನ್ ಮೀನುಗಳಿಗೆ ಗುರುತು ಕಟ್ಟಿ ನೀರಿಗೆ ಬಿಟ್ಟು ನಡೆಸಿದ ಅಧ್ಯಯನ 1896ರಲ್ಲಿ ಪ್ರಕಟವಾಯಿತು. ಈ ವಿಧಾನದ ಬೇರು ಅಲ್ಲಿದೆ. ಮಾಣಿಯ ಪಕ್ಕದ ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಇದೇ ತತ್ತ್ವದಿಂದ ನಾಗರಹೊಳೆಯ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿ 1995ರಲ್ಲಿ ಪ್ರಕಟಿಸಿದರು. ಕಾಡಿನಲ್ಲಿ ಕ್ಯಾಮರಾ ಇಟ್ಟು ಹುಲಿಗಳ ಚಿತ್ರ ತೆಗೆದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಪಟ್ಟೆಯೇ ಹುಲಿಯ ಚಾಸಿ ನಂಬರ್!

ಲೆಕ್ಕ ತಪ್ಪಿದರೆ ಏನಾಗುತ್ತದೆ? ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಹುಲಿಗಳಿವೆ ಎಂದು ಕಾಗದ ಹೇಳುತ್ತಿತ್ತು. 2005ರ ಹೊತ್ತಿಗೆ ನೋಡಿದರೆ ಅಲ್ಲಿ ಒಂದೂ ಇರಲಿಲ್ಲ. ಇದೆ ಎಂಬ ನಂಬಿಕೆ ಕಾಯುವ ಎಚ್ಚರವನ್ನೇ ಮರೆಸುತ್ತದೆ.

ನಮ್ಮ ಉಪಾಯಕ್ಕೂ ಮಿತಿ ಇದೆ. ಪ್ರದರ್ಶನಕ್ಕೆ ಬರುವುದು ಅಕ್ಕರೆಯಿಂದ ಸಾಕಿದ ಕಾರು. ಅದೇ ಮತ್ತೆ ಮತ್ತೆ ಬರುತ್ತದೆ. ಆಗ ಭಾಜಕ ದೊಡ್ಡದಾಗಿ ಉತ್ತರ ಚಿಕ್ಕದಾಗುತ್ತದೆ. ಕೊಟ್ಟಿಗೆಯಲ್ಲಿ ಟರ್ಪಾಲಿನಡಿ ಮಲಗಿದ ಕಾರು ಎಂದೂ ಲೆಕ್ಕಕ್ಕೆ ಬರುವುದಿಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಕಡೆ ಇರುವ ಕಾರುಗಳು ಪ್ರದರ್ಶನಗಳಿಗೆ ಬಾರದಿದ್ದರೆ, ಅವುಗಳನ್ನು ಬೇರೆಯೇ ಎಣಿಸಿ ಕೂಡಿಸಬೇಕು. ಎರಡು ಎಣಿಕೆಗಳ ನಡುವೆ ಬಹಳ ಕಾಲ ಕಳೆಯಲೂಬಾರದು. ಅಷ್ಟರಲ್ಲಿ ಕೆಲವು ಗುಜರಿಗೆ ಹೋಗಿರುತ್ತವೆ. ಆದ್ದರಿಂದ ‘ಇಪ್ಪತ್ತು’ ಎನ್ನುವ ಬದಲು ‘ಇಪ್ಪತ್ತು, ಬಹುಶಃ ಇನ್ನೂ ಕೆಲವು’ ಎನ್ನುವುದೇ ಪ್ರಾಮಾಣಿಕ ಉತ್ತರ.

ನಿಮ್ಮೂರಿನ ಯಾವುದೋ ಮನೆಯ ಹಿಂದೆ ಇಂಥ ಕಾರೊಂದು ಇರಬಹುದು. ತೂಕಕ್ಕೆ ಮಾರುವ ಮಾತು ನಡೆದಿರಲೂಬಹುದು. ಸಾವಿರದಲ್ಲಿ ಒಂದಾದರೆ ಹೋಗಲಿ ಎನ್ನಬಹುದು, ಇಪ್ಪತ್ತರಲ್ಲಿ ಒಂದಾದರೆ? ಮನೆಯವರ ಒಪ್ಪಿಗೆ ಪಡೆದು ಚಾಸಿ ನಂಬರ್ ಬರೆದಿಡಿ. ನಿಮ್ಮ ಎಣಿಕೆ ಅಲ್ಲಿಂದ ಆರಂಭವಾಗಲಿ.